ಸಂಶಯವೂ ಪ್ರಮಾಣವೂ



ನಿಮ್ಮ ಕಿವಿಗೆ ಈಗ ಒಂದು ಧ್ವನಿ ಬೀಳುತ್ತಿದೆ. ಆಡುತ್ತಿರುವವರನ್ನು ನೀವು ನೋಡಲಾರಿರಿ. ಅವರು ಯಾರು, ಎಲ್ಲಿ ಕುಳಿತಿದ್ದಾರೆ, ತಿಳಿದು ಆಡುತ್ತಿದ್ದಾರೆಯೆ ಇಲ್ಲವೆ ಬಾಯಿಗೆ ಬಂದುದನ್ನು ಆಡುತ್ತಿದ್ದಾರೆಯೆ, ಇದೊಂದೂ ನಿಮಗೆ ಪ್ರತ್ಯಕ್ಷವಲ್ಲ. ಆದರೂ ಕೇಳುತ್ತಿದ್ದೀರಿ, ಕೇಳಿದುದರಲ್ಲಿ ಅಷ್ಟಿಷ್ಟನ್ನು ನಂಬಲೂ ಸಿದ್ಧರಾಗಿದ್ದೀರಿ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ಹೆಸರು ಸೊಗಸಾದದ್ದೇ, ಆದರೆ ಅದರಲ್ಲೊಂದು ತೊಡಕೂ ಉಂಟು. ನಮ್ಮ ಪುರಾಣಗಳಲ್ಲಿ ಆಕಾಶವಾಣಿಯಾದಾಗ ಮಾತನಾಡುತ್ತಿರುವವರು ಯಾರೆಂದು ಒಬ್ಬರೂ ಕೇಳುವುದಿಲ್ಲ. ತಂಗಿಯ ಮದುವೆಯ ರಥವನ್ನು ನಡೆಸುತ್ತಿದ್ದ ಕಂಸನು ಆಕಾಶದಿಂದ ಒಂದು ಮಾತು ಕೇಳಿಬಂದೊಡನೆ ಕತ್ತಿಯನ್ನು ಹಿರಿದನು. ಆ ವಾಣಿಗೆ ಪ್ರಮಾಣವೇನೆಂದು ಒಂದು ಗಳಿಗೆಯೂ ಯೋಚಿಸಲಿಲ್ಲ. ಪುರಾಣದ ವಾಣಿಗಿದ್ದ ಆ ಹಕ್ಕು ಬಾನುಲಿಯ ವಾಣಿಗಿಲ್ಲ. “ಇದು ನಿಮಗೆ ಹೇಗೆ ಗೊತ್ತು?” ಎಂದು ನೀವು ನಮ್ಮನ್ನು ಕೇಳಬಹುದು, ಕೇಳಲೂ ಬೇಕು. ಇಂದಿನ ಭಾಷಣದ ವಿಷಯವು ಆ ಪ್ರಶ್ನೆಯೇ.

ತತ್ತ್ವಶಾಸ್ತ್ರವೆಂದೊಡನೆ ನಗರದ ವಿದ್ಯಾವಂತರಲ್ಲಿ ಎರಡು ಬಗೆಯ ಮುಖಭಾವಗಳನ್ನು ಕಾಣುತ್ತೇವೆ. ಕೆಲವರು ಅಜ್ಜಿಯ ಕಾಲದ ಒಡವೆಯನ್ನು ನೋಡುವಂತೆ ಗೌರವದಿಂದ ನೋಡಿ ಪೆಟ್ಟಿಗೆಯೊಳಕ್ಕೆ ಇಟ್ಟುಬಿಡುತ್ತಾರೆ. ಮತ್ತೆ ಕೆಲವರು ನೇರವಾಗಿಯೇ ಕೇಳುತ್ತಾರೆ: ಎಂಜಿನಿಯರು ಸೇತುವೆಯನ್ನು ಕಟ್ಟುತ್ತಾನೆ, ವೈದ್ಯನು ಜ್ವರವನ್ನಿಳಿಸುತ್ತಾನೆ, ತತ್ತ್ವಶಾಸ್ತ್ರದವನು ಏನು ಮಾಡುತ್ತಾನೆ? ನಮಗೆ ಎರಡನೆಯವರೇ ಹೆಚ್ಚು ಮೆಚ್ಚುಗೆ. ಅವರಿಗೆ ಗ್ರಂಥದ ಉತ್ತರವನ್ನು ಒಪ್ಪಿಸುವುದಕ್ಕೆ ಮೊದಲು ಇಲವಾಲದಲ್ಲಿ ನಡೆದ ಒಂದು ಸಂಗತಿಯನ್ನು ಹೇಳುತ್ತೇವೆ.

ಇಲವಾಲವು ಮೈಸೂರಿನಿಂದ ಹುಣಸೂರಿಗೆ ಹೋಗುವ ದಾರಿಯಲ್ಲಿದೆಯೆಂಬುದನ್ನು ನೀವೆಲ್ಲ ಬಲ್ಲಿರಿ. ಹಿಂದೆ ಬ್ರಿಟಿಷ್ ರೆಸಿಡೆಂಟರ ಬಂಗಲೆಯಿದ್ದ ಊರದು. 1957ರ ಸೆಪ್ಟೆಂಬರ್ 21 ಮತ್ತು 22ರಂದು ಅಲ್ಲಿ ಗ್ರಾಮದಾನದ ಸಮ್ಮೇಳನವು ನಡೆಯಿತು. ವಿನೋಬಾ ಭಾವೆಯವರು, ರಾಷ್ಟ್ರಪತಿ ರಾಜೇಂದ್ರಪ್ರಸಾದರು, ಪ್ರಧಾನಿ ನೆಹರೂ ಅವರು, ಕೇರಳದ ಮುಖ್ಯಮಂತ್ರಿಗಳಾಗಿದ್ದ ನಂಬೂದಿರಿಪಾಡರು ಒಂದೇ ಕಡೆ ಕುಳಿತು ಮಾತನಾಡಿದರು. ಆ ಊರಿನಲ್ಲಿ ನಮ್ಮ ಹಳೆಯ ಸ್ನೇಹಿತರೊಬ್ಬರಿದ್ದಾರೆ. ಬಹುಕಾಲ ಉಪಾಧ್ಯಾಯರಾಗಿದ್ದು ಈಗ ವಿಶ್ರಾಂತರಾಗಿರುವವರು. ಅವರ ಮಗನು ದೂರದ ಊರಿನಲ್ಲಿ ಉದ್ಯೋಗದಲ್ಲಿದ್ದಾನೆ.

ಒಂದು ಬೆಳಿಗ್ಗೆ ಅವರಿಗೆ ಟೆಲಿಫೋನಿನಲ್ಲಿ ಮಗನ ಕರೆ ಬಂದಿತು. ಕಂಠವು ಮಗನದೇ, “ಅಣ್ಣಾ” ಎಂದು ಕರೆಯುವ ರೀತಿಯೂ ಮಗನದೇ. ಅಪಘಾತವಾಗಿದೆಯೆಂದೂ ಕೂಡಲೇ ಹಣ ಬೇಕೆಂದೂ ಅದು ಹೇಳಿತು. ಇವರು ಹಣವನ್ನು ಕಳುಹಿಸಿದರು. ಮೂರು ದಿನಗಳು ನೆಮ್ಮದಿಯಾಗಿಯೇ ಇದ್ದರು. ಭಾನುವಾರ ಮಗನು ಏನೂ ಆಗದವನಂತೆ ಮನೆಗೆ ಬಂದನು. ಅವನಿಗೆ ನಿಜವಾಗಿಯೂ ಏನೂ ಆಗಿರಲಿಲ್ಲ. ಯಾವನೋ ಒಬ್ಬ ವಂಚಕನು ಯಂತ್ರದ ಸಹಾಯದಿಂದ ಆ ಹುಡುಗನ ಕಂಠವನ್ನು ಅಚ್ಚು ತೆಗೆದಂತೆ ಅನುಕರಿಸಿದ್ದನು. ಇಂದು ಇದು ಸಾಧ್ಯವೆಂಬುದು ಪತ್ರಿಕೆ ಓದುವವರಿಗೆಲ್ಲ ತಿಳಿದ ಸಂಗತಿ.

ಹಣ ಹೋದುದಕ್ಕೆ ಅವರು ಅಷ್ಟಾಗಿ ಮರುಗಲಿಲ್ಲ. ಆಮೇಲೆ ಆದುದು ವಿಚಿತ್ರ. ಮಗನು ನಿಜವಾಗಿ ಕರೆದಾಗಲೂ ಅವರ ಮನಸ್ಸು ಒಪ್ಪದಾಯಿತು. ಬ್ಯಾಂಕಿನಿಂದ ಬಂದ ಕಾಗದವನ್ನು ಮೂರು ಸಲ ತಿರುಗಿಸಿ ನೋಡುವರು. ನಾವು ಅವರನ್ನು ನೋಡಲು ಹೋದಾಗ, ಚಿಕ್ಕಂದಿನಲ್ಲಿ ನೆಹರೂ ಅವರನ್ನು ರಸ್ತೆಯ ಬದಿಯಲ್ಲಿ ನಿಂತು ಕಂಡ ಕಥೆಯನ್ನು ನಾವೇ ನೆನಪಿಸಿದೆವು. ಅದನ್ನು ಅವರು ನಮಗೆ ಹತ್ತಾರು ಸಲ ಹೇಳಿದ್ದರು. ಅಂದು ಮಾತ್ರ ಅವರು ತಲೆ ತಗ್ಗಿಸಿ, “ಕಂಡೆನೋ, ಕಂಡೆನೆಂದು ನಮ್ಮ ತಾಯಿ ಹೇಳಿದುದನ್ನು ಕೇಳಿ ಕೇಳಿ ಕಂಡಂತಾಯಿತೋ, ಈಗ ಗೊತ್ತಾಗುತ್ತಿಲ್ಲ” ಎಂದರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: “ಸುಳ್ಳು ಕರೆ ಬಂದಾಗ ಅದು ನಿಜವೆಂದೇ ತೋರಿತು. ನಿಜವಾದ ಕರೆಯೂ ಹಾಗೆಯೇ ತೋರುತ್ತದೆ. ಹಾಗಾದರೆ ನಿಜಕ್ಕೆ ಗುರುತೇನು?”

ಸೇತುವೆ ಕಟ್ಟುವ ಎಂಜಿನಿಯರು ಈ ಪ್ರಶ್ನೆಗೆ ಏನು ಹೇಳುವನೋ ನಾವು ಅರಿಯೆವು. ಆದರೆ ಇದನ್ನು ಇಲವಾಲದ ಈ ಉಪಾಧ್ಯಾಯರಿಗಿಂತ ಸಾವಿರದ ಇನ್ನೂರು ವರ್ಷಗಳಷ್ಟು ಮೊದಲೇ ಒಬ್ಬನು ಕೇಳಿ, ಅದರ ಮೇಲೆ ಒಂದು ಗ್ರಂಥವನ್ನೇ ಬರೆದಿದ್ದಾನೆ. ಅವನು ಜಯರಾಶಿಭಟ್ಟ, ಗ್ರಂಥದ ಹೆಸರು ‘ತತ್ತ್ವೋಪಪ್ಲವಸಿಂಹ’. ಉಪಪ್ಲವವೆಂದರೆ ಪ್ರಳಯ, ಎಲ್ಲವೂ ಬುಡಮೇಲಾಗುವುದು. ಅವನನ್ನು ಚಾರ್ವಾಕರ ಸಾಲಿನಲ್ಲಿ ಕೂರಿಸುವುದು ರೂಢಿ. ಆದರೆ ಚಾರ್ವಾಕರು ಕಣ್ಣಿಗೆ ಕಂಡುದನ್ನಾದರೂ ಒಪ್ಪುತ್ತಾರೆ. ಇವನು ಅದನ್ನೂ ಬಿಡಲಿಲ್ಲ. ನೈಯಾಯಿಕರು, ಮೀಮಾಂಸಕರು, ಬೌದ್ಧರು, ಜೈನರು, ಎಲ್ಲರ ಪ್ರಮಾಣಗಳನ್ನೂ ಸರದಿಯಾಗಿ ತೆಗೆದುಕೊಂಡು ಒಂದೊಂದನ್ನೂ ಕುಟ್ಟಿ ಪುಡಿಮಾಡಿದನು.

ಅವನ ವಾದದ ಓಟವನ್ನು ತಿಳಿಯಬೇಕಾದರೆ ಹುಣಸೂರು ದಾರಿಗೇ ಬನ್ನಿ. ಬೇಸಗೆಯ ಮಧ್ಯಾಹ್ನದಲ್ಲಿ ಮುಂದೆ ರಸ್ತೆಯ ಮೇಲೆ ನೀರು ನಿಂತಂತೆ ಹೊಳೆಯುತ್ತದೆ. ಅದು ನೀರೋ ಬಿಸಿಲ್ಗುದುರೆಯೋ? ದೋಷವಿಲ್ಲದ ಕಣ್ಣಿನಿಂದ ಹುಟ್ಟಿದ ಜ್ಞಾನವು ನಿಜವೆಂದು ನೀವು ಹೇಳಿದರೆ, ಕಣ್ಣಿನಲ್ಲಿ ದೋಷವಿಲ್ಲವೆಂಬುದನ್ನು ಯಾವುದರಿಂದ ಅರಿತಿರಿ ಎಂದು ಜಯರಾಶಿಯು ಕೇಳುತ್ತಾನೆ. ಕಣ್ಣಿನ ಶಕ್ತಿಯು ಕಣ್ಣಿಗೆ ಕಾಣದು. ಜ್ಞಾನವು ಸರಿಯಾಗಿರುವುದರಿಂದ ಕಣ್ಣು ಸರಿಯೆಂದರೆ, ಕಣ್ಣು ಸರಿಯಾಗಿರುವುದರಿಂದ ಜ್ಞಾನ ಸರಿಯೆಂದಂತಾಗಿ ಗಾಣದೆತ್ತಿನಂತೆ ಸುತ್ತಿದಲ್ಲಿಯೇ ಸುತ್ತಬೇಕು. ಹೋಗಲಿ, ಮುಂದೆ ಅದಕ್ಕೆ ಬಾಧೆ ಬಾರದಿದ್ದರೆ ನಿಜವೆನ್ನೋಣವೆ? ಬಿಸಿಲ್ಗುದುರೆಯನ್ನು ದೂರದಿಂದ ಕಂಡವನು ಬೇರೆಯ ದಾರಿ ಹಿಡಿದು ಹೋದರೆ ಅವನ ಜ್ಞಾನಕ್ಕೆ ಎಂದಿಗೂ ಬಾಧೆ ಬರುವುದಿಲ್ಲ. ಅಷ್ಟರಿಂದ ಅಲ್ಲಿ ನೀರಿತ್ತೆನ್ನಬಹುದೆ? ಇನ್ನು, ಹತ್ತಿರ ಹೋಗಿ ಕುಡಿದು ನೋಡಿ ನಿಶ್ಚಯಿಸೋಣವೆಂದರೆ, ಕುಡಿದೆನೆಂಬ ಆ ಜ್ಞಾನವೂ ಒಂದು ಜ್ಞಾನವೇ. ಅದಕ್ಕೆ ಜಾಮೀನು ಯಾರು?

ಇದನ್ನು ಬರಿಯ ಶಬ್ದಚಮತ್ಕಾರವೆಂದು ತಳ್ಳಿಹಾಕುವವರು ನಮ್ಮ ಸ್ನೇಹಿತರ ಆ ಮೂರು ದಿನಗಳನ್ನು ನೆನೆಯಬೇಕು. ಆ ಮೂರು ದಿನಗಳೂ ಅವರ ನಂಬಿಕೆಗೆ ಬಾಧೆಯಿರಲಿಲ್ಲ. ಭಾನುವಾರ ಮಗನು ಬಾರದೆ, ಆ ವಿಷಯದ ಮಾತೇ ಎತ್ತದೆ ಹೋಗಿದ್ದರೆ, ಅವನನ್ನು ಅಪಘಾತದಿಂದ ತಾವು ಕಾಪಾಡಿದೆವೆಂಬ ತೃಪ್ತಿಯಲ್ಲಿಯೇ ಅವರ ಜೀವಮಾನ ಕಳೆದುಹೋಗುತ್ತಿತ್ತು. ನಮ್ಮ ನಿಮ್ಮ ಎಷ್ಟು ಜ್ಞಾನಗಳು ಹೀಗೆ ಭಾನುವಾರ ಬಾರದ ಕಾರಣದಿಂದಲೇ ಸತ್ಯವೆನಿಸಿಕೊಂಡಿವೆಯೋ!

ಈ ಗ್ರಂಥವು ಉಳಿದು ಬಂದ ಬಗೆಯೂ ಕೇಳತಕ್ಕದ್ದು. ಶತಮಾನಗಳವರೆಗೆ ಅದು ಕಾಣೆಯಾಗಿತ್ತು. ಗಂಗರ ಕಾಲದಲ್ಲಿ ನಮ್ಮ ನಾಡಿನಲ್ಲಿದ್ದ ಜೈನಾಚಾರ್ಯ ವಿದ್ಯಾನಂದರಂಥವರು ಖಂಡಿಸುವುದಕ್ಕಾಗಿ ಎತ್ತಿಕೊಂಡ ಮಾತುಗಳಿಂದ ಮಾತ್ರ ಇಂಥ ಮತವೊಂದಿತ್ತೆಂದು ತಿಳಿಯುತ್ತಿತ್ತು. 1926ರಲ್ಲಿ ಗುಜರಾತಿನ ಪಾಟಣದ ಜೈನ ಭಂಡಾರದಲ್ಲಿ ಅದರ ತಾಳೆಯೋಲೆಯ ಪ್ರತಿ ದೊರೆಯಿತು. 1940ರಲ್ಲಿ ಬರೋಡಾ ಸಂಸ್ಥಾನದ ಪ್ರಾಚ್ಯ ಗ್ರಂಥಮಾಲೆಯಲ್ಲಿ ಅಚ್ಚಾಯಿತು. ಜೈನರನ್ನೂ ಬಿಡದೆ ಹಳಿದ ಪುಸ್ತಕವನ್ನು ಜೈನರ ಭಂಡಾರವೇ ಕಾಪಾಡಿತು. ಅಷ್ಟೇ ಅಲ್ಲ. ಅದನ್ನು ಸಂಪಾದಿಸಿದ ಇಬ್ಬರಲ್ಲಿ ಒಬ್ಬರಾದ ಪಂಡಿತ ಸುಖಲಾಲಜೀಯವರು ಹದಿನಾರನೆಯ ವಯಸ್ಸಿನಲ್ಲಿ ಸಿಡುಬಿನಿಂದ ಎರಡು ಕಣ್ಣುಗಳನ್ನೂ ಕಳೆದುಕೊಂಡವರು. ಯಾವ ಪ್ರಮಾಣವೂ ನಿಲ್ಲದೆಂದು ಸಾರುವ ಗ್ರಂಥದ ಒಂದೊಂದು ಅಕ್ಷರವನ್ನೂ ಅವರು ಇನ್ನೊಬ್ಬರ ಬಾಯಿಂದ ಕೇಳಿ, ನಂಬಿ, ಶೋಧಿಸಬೇಕಾಯಿತು. ಈ ಸಂಗತಿಯನ್ನು ಜಯರಾಶಿಯು ಕೇಳಿದ್ದರೆ ನಗುತ್ತಿದ್ದನೋ, ಒಂದು ಗಳಿಗೆ ಸುಮ್ಮನಾಗುತ್ತಿದ್ದನೋ!

ಅವನಿಗೆ ಉತ್ತರವೇನು? ಅವಸರದ ಉತ್ತರವೊಂದುಂಟು. ಯಾವುದೂ ಪ್ರಮಾಣವಲ್ಲವೆಂಬ ನಿನ್ನ ಮಾತಿಗೆ ಪ್ರಮಾಣವೇನು ಎಂದು ಕೇಳಿ, ಗೆದ್ದೆವೆಂದು ಎದ್ದುಹೋಗುವುದು. ಇದರಿಂದ ಅವನ ಬಾಯಿ ಮುಚ್ಚುವುದಿಲ್ಲ. “ನನ್ನದೇನೂ ಪ್ರತಿಜ್ಞೆಯಿಲ್ಲ, ನಿಮ್ಮ ನಾಣ್ಯದಲ್ಲಿಯೇ ನಿಮಗೆ ಲೆಕ್ಕ ತೋರಿಸುತ್ತಿದ್ದೇನೆ” ಎಂದು ಅವನು ಹೇಳಬಲ್ಲನು. ಮಿಥಿಲೆಯ ಗಂಗೇಶೋಪಾಧ್ಯಾಯನು ಹಿಡಿದ ದಾರಿ ಇದಕ್ಕಿಂತ ಮೇಲು. ಅವನು ಸಂಶಯಪಡುವವನ ಮಾತನ್ನು ಬಿಟ್ಟು ಅವನ ಕೈಯನ್ನು ನೋಡೆನ್ನುತ್ತಾನೆ: ಹೊಗೆ ಬೇಕಾದಾಗ ಅವನು ಬೆಂಕಿಯನ್ನೇ ಹೊತ್ತಿಸುತ್ತಾನೆ, ಹಸಿದಾಗ ಅನ್ನವನ್ನೇ ಉಣ್ಣುತ್ತಾನೆ, ಇತರರಿಗೆ ತಿಳಿಸಬೇಕಾದಾಗ ಮಾತನ್ನೇ ಆಡುತ್ತಾನೆ. ನಡೆಯಲ್ಲಿ ಇಲ್ಲದ ಸಂಶಯವು ನುಡಿಯಲ್ಲಿ ಮಾತ್ರ ಇದ್ದರೆ ಅದನ್ನು ಸಂಶಯವೆನ್ನುವುದು ಹೇಗೆ? ನಮ್ಮ ಸ್ನೇಹಿತರನ್ನೇ ನೋಡಿ. ಇನ್ನು ಯಾರ ಮಾತನ್ನೂ ನಂಬುವುದಿಲ್ಲವೆಂದವರು, ಮೋಸದ ವಿಷಯವಾಗಿ ದೂರು ಕೊಡಲು ಎಲ್ಲಿಗೆ ಹೋಗಬೇಕೆಂದು ಪಕ್ಕದ ಮನೆಯವರನ್ನು ಕೇಳಿದರು. ಅವರು ಹೇಳಿದ ಕಡೆಗೆ ಹೋದರು.

ಆದರೆ ನಮಗೆ ಇನ್ನೂ ಸಮೀಪದ ಒಂದು ಉತ್ತರವಿದೆ. ಮೈಸೂರಿನ ಮತ್ತೊಂದು ದಿಕ್ಕಿನಲ್ಲಿರುವ ಬನ್ನೂರು ಹದಿನೈದನೆಯ ಶತಮಾನದಲ್ಲಿ ವ್ಯಾಸತೀರ್ಥರು ಜನಿಸಿದ ಊರು. ವಿಜಯನಗರದ ಅರಸರ ಗೌರವಕ್ಕೆ ಪಾತ್ರರಾದ ಈ ಯತಿಗಳನ್ನು ನಾವು ಕೀರ್ತನಕಾರರೆಂದು ಮಾತ್ರ ನೆನೆಯುತ್ತೇವೆ. ‘ತರ್ಕತಾಂಡವ’ವನ್ನು ತೆರೆಯುವವರು ಕಡಿಮೆ. ಆ ಗ್ರಂಥವು ಪ್ರಾಮಾಣ್ಯದ ವಿಚಾರದಿಂದಲೇ ಮೊದಲಾಗುತ್ತದೆ. ಮಧ್ವಾಚಾರ್ಯರ ಮತವನ್ನನುಸರಿಸಿ ಅವರು ಹೇಳುವುದರ ಸಾರವನ್ನು ಸಾಧಾರಣ ಮಾತಿನಲ್ಲಿ ಹೀಗೆನ್ನಬಹುದು. ಜ್ಞಾನವು ಸಹಜವಾಗಿ ನಂಬಿಕೆಗೆ ಅರ್ಹವಾದದ್ದು; ತಪ್ಪಾಗುವುದಕ್ಕೆ ಹೊರಗಿನಿಂದ ಒಂದು ದೋಷವು ಬಂದು ಸೇರಬೇಕು. ಆದಕಾರಣ ನಂಬಿಕೆಗೆ ಕಾರಣವನ್ನು ಕೇಳುವಂತೆಯೇ ಸಂಶಯಕ್ಕೂ ಕಾರಣವನ್ನು ಕೇಳಬೇಕು. ಕಾರಣವಿದ್ದಲ್ಲಿ ಪರೀಕ್ಷೆ ಮಾಡತಕ್ಕದ್ದು, ಮಾಡದವನು ಮೂರ್ಖನು. ಆದರೆ ಪರೀಕ್ಷೆಯ ಮೇಲೆ ಪರೀಕ್ಷೆಯೆಂದು ಅದು ಕೊನೆಯಿಲ್ಲದೆ ಹರಿಯುವುದಿಲ್ಲ. ಬಾಯಾರಿದವನು ನೀರು ಕುಡಿದನು, ತೃಷೆ ಇಂಗಿತು. ಇಂಗಿದ ಆ ಸುಖವನ್ನು ಅರಿಯುವುದು ಕಣ್ಣೂ ಅಲ್ಲ, ಕಿವಿಯೂ ಅಲ್ಲ, ಒಳಗಿರುವ ಸಾಕ್ಷಿ. “ನನಗೆ ಈಗ ನೋವಾಗುತ್ತಿದೆಯೋ ಇಲ್ಲವೋ” ಎಂದು ಯಾರೂ ಪಕ್ಕದವರನ್ನು ಕೇಳಲು ಹೋಗುವುದಿಲ್ಲ. ಪರೀಕ್ಷೆಯ ಸರಪಣಿಯು ಅಲ್ಲಿಗೆ ಬಂದು ನಿಲ್ಲುತ್ತದೆ.

ಇಷ್ಟರಿಂದ ಜಯರಾಶಿಯು ಸೋತನೆ? ಪ್ರಾಮಾಣಿಕವಾಗಿ ಹೇಳುವುದಾದರೆ ಪೂರ್ತಿಯಾಗಿ ಸೋಲಲಿಲ್ಲ. ಕನಸಿನಲ್ಲಿಯೂ ನೀರು ಕುಡಿದು ತೃಷೆ ಇಂಗಿದಂತಾಗುವುದಿಲ್ಲವೆ ಎಂದು ಅವನು ಮತ್ತೆ ಏಳಬಲ್ಲನು. ನಮಗೆ ತೋರುವ ಮಟ್ಟಿಗೆ, ವ್ಯಾಸತೀರ್ಥರಿಂದ ಆದ ಉಪಕಾರವೇ ಬೇರೆ. ಸಂಶಯವಾದಿಯು ಕೇಳುತ್ತಿರುವುದು ಎಂಥದೆಂಬುದು ಅವರಿಂದ ಸ್ಪಷ್ಟವಾಗುತ್ತದೆ. ಎಲ್ಲ ಅರಿವಿಗೂ ಹೊರಗೆ ನಿಂತು, ಯಾವುದನ್ನೂ ಅರಿಯುವುದಕ್ಕೆ ಮೊದಲೇ, ನಿಜವನ್ನು ಸುಳ್ಳಿನಿಂದ ಬೇರ್ಪಡಿಸುವ ಒಂದು ಮುದ್ರೆಯನ್ನು ಅವನು ಬೇಡುತ್ತಾನೆ. ಅಂಥ ಮುದ್ರೆಯಿಲ್ಲ. ಅದು ಇಲ್ಲವೆಂಬುದರಿಂದ ಅರಿವೇ ಇಲ್ಲವೆಂದು ಹೇಳುವುದು, ಎಲ್ಲ ಮನೆಗಳಿಗೂ ಸಲ್ಲುವ ಒಂದು ಬೀಗದಕೈ ಇಲ್ಲದ್ದರಿಂದ ಯಾರೂ ಮನೆಯೊಳಕ್ಕೆ ಹೋಗಲಾರರೆಂದಂತೆ.

ಪಶ್ಚಿಮದಲ್ಲಿಯೂ ಈ ವ್ಯವಹಾರವು ಹಳೆಯದು. 1641ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಡೆಕಾರ್ಟನು, ಸರ್ವಶಕ್ತನಾದ ವಂಚಕನೊಬ್ಬನು ನಮಗೆ ಕಾಣುವುದನ್ನೆಲ್ಲ ಸುಳ್ಳಾಗಿ ಹೂಡಿದ್ದರೆ ಏನು ಗತಿಯೆಂದು ಕಲ್ಪಿಸಿಕೊಂಡನು. ಆ ವಂಚಕನು ಈಗ ತಕ್ಕಮಟ್ಟಿಗೆ ಅಂಗಡಿಯಲ್ಲಿಯೇ ದೊರೆಯುತ್ತಾನೆಂಬುದು ನಮ್ಮ ಕಾಲದ ವಿಶೇಷ. 1912ರಲ್ಲಿ ಬರ್ಟ್ರಂಡ್ ರಸಲ್ ಅವರು ತತ್ತ್ವಶಾಸ್ತ್ರದ ಸಮಸ್ಯೆಗಳನ್ನು ಕುರಿತ ತಮ್ಮ ಸಣ್ಣ ಪುಸ್ತಕದ ಕೊನೆಯಲ್ಲಿ, ಈ ಶಾಸ್ತ್ರದ ಬೆಲೆಯನ್ನು ಹೆಚ್ಚಾಗಿ ಅದರ ಅನಿಶ್ಚಯದಲ್ಲಿಯೇ ಹುಡುಕಬೇಕೆಂದರು. ಅನಿಶ್ಚಯವು ಮನಸ್ಸನ್ನು ಹಿಗ್ಗಿಸುತ್ತದೆಂಬುದು ಅವರ ಅಭಿಪ್ರಾಯ. ಆ ಅಧ್ಯಾಯವನ್ನು ನಾವು ಮೆಚ್ಚಿ ಓದಿದವರು. ಆದರೆ ಇಲವಾಲದಿಂದ ಹಿಂದಿರುಗುವಾಗ ಆ ಮಾತು ಅರ್ಧವೆಂದೇ ತೋರಿತು. ಆರಾಮಕುರ್ಚಿಯಲ್ಲಿ ತಾನಾಗಿ ಕರೆದುಕೊಂಡ ಅನಿಶ್ಚಯವು ಮನಸ್ಸನ್ನು ಹಿಗ್ಗಿಸಬಹುದು. ಕರೆಯದೆ ಮನೆಗೆ ನುಗ್ಗಿದ ಅನಿಶ್ಚಯವು ನಿದ್ದೆಯನ್ನು ಕೆಡಿಸುತ್ತದೆ, ಮಗನ ದನಿಯನ್ನು ಕಸಿದುಕೊಳ್ಳುತ್ತದೆ. ಮೊದಲನೆಯದನ್ನು ಅಭ್ಯಾಸ ಮಾಡಿದವನಿಗೆ ಎರಡನೆಯದು ಬಂದಾಗ ದಿಕ್ಕುಗೆಡದೆ ನಿಲ್ಲುವ ಶಕ್ತಿ ಇರುತ್ತದೆ. ಈಜುವುದನ್ನು ಕೆರೆಯಲ್ಲಿ ಕಲಿಯುವುದು ಪ್ರವಾಹದ ದಿನಕ್ಕಾಗಿ.

ನಮ್ಮ ಹಿರಿಯರು ಈ ಬೆಲೆಯನ್ನು ಕಂಡಿರಲಿಲ್ಲವೆಂದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಗಳನ್ನು ಗುರುತಿಸಿ 1909ರಲ್ಲಿ ಅಚ್ಚುಮಾಡಿಸಿದುದು ಲೋಕಪ್ರಸಿದ್ಧ. ತೆರಿಗೆ, ಕೋಟೆ, ಗೂಢಚಾರರ ವಿಷಯಗಳಿಂದ ತುಂಬಿರುವ ಆ ಗ್ರಂಥದ ಆರಂಭದಲ್ಲಿಯೇ, ರಾಜನು ಕಲಿಯತಕ್ಕ ನಾಲ್ಕು ವಿದ್ಯೆಗಳಲ್ಲಿ ಆನ್ವೀಕ್ಷಿಕಿಯನ್ನು ಸೇರಿಸಿ ಕೌಟಿಲ್ಯನು ಅದನ್ನು ದೀಪಕ್ಕೆ ಹೋಲಿಸುತ್ತಾನೆ. ಆನ್ವೀಕ್ಷಿಕಿಯೆಂದರೆ ಹೇತುಗಳನ್ನು ಹಿಡಿದು ಪರೀಕ್ಷಿಸುವ ವಿದ್ಯೆ. ಅದರೊಳಗೆ ಅವನು ಎಣಿಸಿರುವುದು ಸಾಂಖ್ಯ, ಯೋಗ, ಲೋಕಾಯತ ಎಂಬ ಮೂರನ್ನು. ಲೋಕಾಯತವನ್ನು ಗಮನಿಸಿ. ಪ್ರಶ್ನೆ ಕೇಳುವವನನ್ನು ರಾಜ್ಯದಿಂದ ಹೊರಗಟ್ಟದೆ ದೀಪದ ಬತ್ತಿಗಳಲ್ಲೊಂದಾಗಿ ಮಾಡಿಕೊಂಡನು ಆ ನಿಷ್ಠುರನಾದ ಮಂತ್ರಿ. ಇನ್ನು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಪಾಠಗಳ ಆಧಾರದ ಮೇಲೆ ಎಂ. ಹಿರಿಯಣ್ಣನವರು 1932ರಲ್ಲಿ ಪ್ರಕಟಿಸಿದ ಭಾರತೀಯ ತತ್ತ್ವಶಾಸ್ತ್ರದ ಇಂಗ್ಲಿಷ್ ಗ್ರಂಥವನ್ನು ನಿಮ್ಮಲ್ಲಿ ಹಲವರು ಓದಿರಬಹುದು. ಅದರಲ್ಲಿ ಅವರು ಪ್ರತಿಯೊಂದು ದರ್ಶನದ ತತ್ತ್ವದೊಡನೆ ಅದರ ಜ್ಞಾನವಿಚಾರವನ್ನೂ ತಪ್ಪದೆ ಜೋಡಿಸುತ್ತಾರೆ. ಏನನ್ನು ನಂಬುತ್ತೀರೆಂದು ಹೇಳುವವನು ಹೇಗೆ ಅರಿತಿರೆಂಬುದಕ್ಕೂ ಉತ್ತರಿಸಬೇಕು. ಆ ಗ್ರಂಥದಲ್ಲಿ ಆಡಂಬರದ ವಾಕ್ಯವೊಂದನ್ನು ಹುಡುಕಿದರೂ ಸಿಕ್ಕದು.

ಹಾಗಾದರೆ ನಾವು ಸ್ನೇಹಿತರಿಗೆ ಏನು ಹೇಳಿದೆವೆಂದು ಕೇಳುವಿರಿ. ಈಗ ನಿಮಗೆ ಹೇಳಿದುದನ್ನೇ ಇದಕ್ಕಿಂತ ಕೆಟ್ಟದಾಗಿ ಹೇಳಿದೆವು. ಅವರು ತಾಳ್ಮೆಯಿಂದ ಕೇಳಿದರು. ಒಂದು ಕರೆಯಲ್ಲಿ ದೋಷವಿತ್ತೆಂಬುದು ಎಲ್ಲ ಕರೆಗಳನ್ನೂ ಶಂಕಿಸಲು ಕಾರಣವಾಗದೆಂದೂ, ಹಣ ಕೇಳುವ ಕರೆಯನ್ನು ಶಂಕಿಸಲು ಮಾತ್ರ ಧಾರಾಳವಾಗಿ ಕಾರಣವಾಗುವುದೆಂದೂ ಒಪ್ಪಿದರು. ಮುಂದೆ ಅಂಥ ಕರೆ ಬಂದರೆ ಮನೆಯವರಿಗೆ ಮಾತ್ರ ತಿಳಿದ ಪ್ರಶ್ನೆಯೊಂದನ್ನು ಕೇಳುವುದೆಂದು ನಿಶ್ಚಯವಾಯಿತು. ಅವರ ಹಳೆಯ ಮನೆಯ ಹಿತ್ತಲಿನಲ್ಲಿ ಒಂದು ಬಾವಿಯಿತ್ತು. ಅದಕ್ಕೆ 11 ಮೆಟ್ಟಿಲುಗಳಿದ್ದುವು. ಪ್ರಶ್ನೆಗೆ ಅದೇ ಆಗಬಹುದೆಂದು ನಾವಿಬ್ಬರೂ ಗೊತ್ತುಮಾಡಿದೆವು.

ತಿಂಗಳ ಮೇಲೆ ಅವರು ಮೈಸೂರಿಗೆ ಬಂದಿದ್ದಾಗ ನಮ್ಮ ಮನೆಗೂ ಬಂದರು. ಮುಖದಲ್ಲಿ ಹಿಂದಿನ ಗೆಲವು ಮರಳಿತ್ತು. ಮಗನು ಕರೆದಿದ್ದನಂತೆ, ಈ ಸಲ ನಿಜವಾಗಿಯೇ ಸ್ವಲ್ಪ ಹಣ ಬೇಕಾಗಿತ್ತಂತೆ. ಬಾವಿಯ ಮೆಟ್ಟಿಲು ಎಷ್ಟೆಂದು ಇವರು ಕೇಳಿದರು.

“ಸರಿಯಾಗಿ ಹೇಳಿದನೆ?” ಎಂದೆವು.

“ಎಲ್ಲಿ ಬಂತು! ‘ಅಣ್ಣಾ, ನಮ್ಮ ಬಾವಿಗೆ ಮೆಟ್ಟಿಲು ಯಾವಾಗ ಇತ್ತು?’ ಎಂದು ನನ್ನನ್ನೇ ಕೇಳಿದ. ಇಪ್ಪತ್ತು ವರ್ಷ ಆ ಬಾವಿಯ ನೀರು ಕುಡಿದವನು! ನನ್ನ ಮಗನೇ ಎಂದು ಗೊತ್ತಾಗಿಹೋಯಿತು. ಹಣ ಕಳುಹಿಸಿದೆ.”